ಸೈಲೆನ್ಸರ್ ಸಂಪತ್ತು
ಗವಿಪುರದ ಸಂಪತ್ ರಾಯರು ಕಾರ್ ರೇಸುಗಳ ತಪಾಸಣಾಧಿಕಾರಿ. ಮದುವೆಗೆ ಹೋದರೂ ಮೊದಲು ಬಗ್ಗಿ ನೋಡುವುದು ಮದುಮಗನ ಕಾರಿನ ಸೈಲೆನ್ಸರನ್ನೇ. "ಹೊಗೆ ಗಾಡಿಯಡಿ ಬಿಟ್ರೆ ಅಲ್ಲಿನ ಗಾಳೀನೂ ಎಳ್ಕೊಂಡು ಹೋಗುತ್ತೆ, ಗಾಡಿ ನೆಲಕ್ಕೆ ಅಂಟ್ಕೊಳುತ್ತೆ, ತಿರುವಲ್ಲಿ ಅದನ್ನ ಹಿಡಿಯೋರೇ ಇಲ್ಲ, ಮಿಕ್ಕೋರಿಗೆ ಮೋಸ. ಅದಕ್ಕೇ ಹೊಸ ರೂಲ್ಸು, ಪೈಪು ಮೇಲಕ್ಕಿರ್ಬೇಕು!" ಎಂದು ಯಾರೂ ಕೇಳದಿದ್ದರೂ ವಿವರಿಸುತ್ತಾರೆ. "ಇದೊಂದ್ಸಲ ಬಿಡಿ ಸಾರ್" ಎಂದು ರೇಸಿನ ಹುಡುಗರು ಅಂಗಲಾಚಿದರೆ, "ನಮ್ಮಪ್ಪ ಎದ್ದು ಬಂದ್ರೂ ಬಿಡಲ್ಲ" ಎನ್ನುತ್ತಾರೆ. ಆ ನಿಯಮ ಬಂದ ವರ್ಷ, ಸದಾ ಗೆಲ್ಲುತ್ತಿದ್ದ ತಂಡವೊಂದು ಕೊನೆಯ ಸ್ಥಾನಕ್ಕೆ ಬಿದ್ದು ಮುಚ್ಚಿಹೋಯಿತು. ಅದರ ಕಾರು ಈಗ ರಾಯರ ಶೆಡ್ಡಿನಲ್ಲಿದೆ. ಗಾಡಿಯಡಿಗೆ ಹೊಗೆ ಬಿಡುವ ಉಪಾಯ ಹೂಡಿ ಅದನ್ನು ಕಟ್ಟಿದವರು ರಾಯರೇ. ಆಯುಧಪೂಜೆಯ ದಿನ ಅದರಡಿ ಅಂಗಾತ ಮಲಗಿ, ಪೈಪಿಗೆ ಅಳತೆ ಟೇಪು ಹಿಡಿದು ನೋಡಿ, "ಈ ವರ್ಷಾನೂ ಫೇಲಾದ್ಯಲ್ಲೋ ರಾಜಾ" ಎಂದು ಎದ್ದು ಅದರ ಮೂತಿಗೆ ಕುಂಕುಮ ಹಚ್ಚುತ್ತಾರೆ.