ಕೈಗೆ ಒಪ್ಪಿದ ಟೂ-ಟೂ

ಪಿಸ್ತೂಲು ಕೊಳ್ಳಬೇಕು ಎಂದು ನಾನು ಮನೆಯಲ್ಲಿ ಬಾಯಿಬಿಟ್ಟಾಗ ನನ್ನ ಗಂಡ ಕುಕ್ಕರಿನ ಮೂರನೆಯ ಕೂಗಿಗೆ ಕಾಯುತ್ತ ನಿಂತಿದ್ದರು. ಮೂರನೆಯದು ಬಂತು, ನಾಲ್ಕನೆಯದೂ ಬಂತು. ಅವರು ಒಲೆ ಆರಿಸಲಿಲ್ಲ.

“ಏನಂದೆ?”

“ಪಿಸ್ತೂಲು. ಶೂಟಿಂಗ್ ಕ್ಲಬ್ಬಿಗೆ.”

“ಟೆನಿಸ್ ಆಡಿದ್ರೆ ಆಗಲ್ವಾ?”

ಆ ಸಂಜೆ ಬೇಳೆ ಗಂಜಿಯಾಯಿತು. ನಮ್ಮ ಹನ್ನೆರಡರ ಮಗಳು ಅದನ್ನು ತಟ್ಟೆಗೆ ಹಾಕಿಕೊಳ್ಳುತ್ತ, “ಅಮ್ಮಾ, ದಟ್ಸ್ ಸೋ ಕೂಲ್” ಎಂದಳು. ಮನೆಯಲ್ಲಿ ಒಂದು ಮತ ನನ್ನ ಕಡೆ ಬಿತ್ತು.

ಆಗ ನನಗೆ ನಲವತ್ತೆರಡು. ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ಮನೆ, ನೀರಿನ ಕೊಳವೆಗಳ ವಿನ್ಯಾಸ ಮಾಡುವ ಕಂಪನಿಯಲ್ಲಿ ಕೆಲಸ. ಹೆದರಿಕೆಗಾಗಲಿ ಜಂಬಕ್ಕಾಗಲಿ ನನಗೆ ಪಿಸ್ತೂಲು ಬೇಕಿರಲಿಲ್ಲ. ಆತ್ಮರಕ್ಷಣೆಗೆ ಎಂದರೆ ಈ ದೇಶದಲ್ಲಿ ಲೈಸೆನ್ಸನ್ನೇ ಕೊಡುವುದಿಲ್ಲ. ನನಗೆ ಬೇಕಾಗಿದ್ದದ್ದು ಕಾಗದದ ಮೇಲಿನ ಒಂದು ಕಪ್ಪು ವೃತ್ತ, ಅದರ ನಡುವೆ ತೂತು.

ಆ ಆಸೆ ಹಳೆಯದು. ನಮ್ಮಪ್ಪ ಮೈಸೂರಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಬಂದೂಕು ಲೈಸೆನ್ಸಿನ ಗುಮಾಸ್ತರಾಗಿದ್ದರು. ಯಾವ ತೋಟದ ಮಾಲೀಕರ ಬಳಿ ಎಂಥ ಬಂದೂಕಿದೆ, ಯಾರದ್ದು ನವೀಕರಣಕ್ಕೆ ಬಂದಿದೆ, ಚುನಾವಣೆ ಬಂದಾಗ ಯಾರು ಯಾವ ಠಾಣೆಯಲ್ಲಿ ಒಪ್ಪಿಸಿದ್ದಾರೆ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಆದರೆ ಅವರು ಒಂದೇ ಒಂದು ಗುಂಡನ್ನೂ ಹಾರಿಸಿದವರಲ್ಲ. ಕಾಲೇಜಿನಲ್ಲಿ ನಾನು ಎನ್‌ಸಿಸಿ ಸೇರಿ ನೆಲದ ಮೇಲೆ ಮಲಗಿ ಪುಟ್ಟ ರೈಫಲ್ಲಿನಿಂದ ಗುರಿ ಹೊಡೆದೆ. ರಾಜ್ಯ ಮಟ್ಟದ ಕ್ಯಾಂಪಿಗೆ ಆಯ್ಕೆಯೂ ಆದೆ. ಅದೇ ವಾರ ಇಂಟರ್ನಲ್ಸ್ ಬಂದವು. ಅಪ್ಪ ಹೋಗಬೇಡ ಎನ್ನಲಿಲ್ಲ, ಪರೀಕ್ಷೆಯ ವೇಳಾಪಟ್ಟಿಯನ್ನು ನನ್ನ ಮುಂದೆ ಇಟ್ಟರು. ನಾನು ಪರೀಕ್ಷೆ ಬರೆದೆ.

ಮದುವೆಯಾಗಿ ಪರ್ತ್‌ಗೆ ಬಂದ ಮೇಲೆ ಅಲ್ಲಿನ ಥಾರ್ನ್ಲಿ ಬಡಾವಣೆಯಲ್ಲಿ ಏಳು ವರ್ಷ ಇದ್ದೆವು. ಅಲ್ಲಿ ಒಮ್ಮೆ ಆಫೀಸಿನ ಗೆಳತಿಯೊಬ್ಬಳು ಭಾನುವಾರ ತನ್ನ ಕ್ಲಬ್ಬಿಗೆ ಕರೆದೊಯ್ದಳು. ಹೊಸಬರು ಬಂದು ನೋಡಲಿ ಎಂದು ಬಾಗಿಲು ತೆರೆದಿಡುವ ದಿನವಂತೆ. ಪಕ್ಕದಲ್ಲಿ ಒಬ್ಬರು ಕಾವಲು ನಿಂತು, ಪಿಸ್ತೂಲನ್ನೂ ಐದು ಗುಂಡನ್ನೂ ಕೊಟ್ಟರು. ಐದೂ ಕಪ್ಪಿನೊಳಗೆ ಬಿದ್ದವು. ಹೊಸಬರ ಅದೃಷ್ಟ ಎಂದು ಯಾರೋ ನಕ್ಕರು. ನಾನೂ ನಕ್ಕೆ. ಆದರೆ ಅದು ಅದೃಷ್ಟವಲ್ಲ ಎಂದು ನನ್ನ ಭುಜಕ್ಕೆ ಗೊತ್ತಾಗಿತ್ತು. ಮಗಳು ಆಗ ಕೈಗೂಸು, ಮತ್ತೆ ಹೋಗಲಾಗಲಿಲ್ಲ. ಬ್ರಿಸ್ಬೇನಿಗೆ ಬಂದು, ಅವಳು ತನ್ನ ಶಾಲೆಯ ಚೀಲವನ್ನು ತಾನೇ ಜೋಡಿಸಿಕೊಳ್ಳುವಷ್ಟಾದ ಮೇಲೆ ಕ್ಲಬ್ ಹುಡುಕಿಕೊಂಡು ಹೊರಟೆ.

ಇಲ್ಲಿನ ಕ್ಲಬ್ಬಿನಲ್ಲಿ ಮೊದಲ ದಿನವೇ, ಮನೆಗೆ ಫೋನ್ ಮಾಡಿ ಮುಗಿಸುತ್ತಿದ್ದಂತೆ, ಹಿಂದಿನಿಂದ ಕನ್ನಡ ಕೇಳಿಸಿತು.

“ಮೈಸೂರಾ? ಮಾತಲ್ಲೇ ಗೊತ್ತಾಯ್ತು ಬಿಡಮ್ಮ.”

ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಕೈ ಪಳಗಿಸಿಕೊಂಡು, ಇಪ್ಪತ್ತೈದು ವರ್ಷದ ಹಿಂದೆ ಇಲ್ಲಿಗೆ ಬಂದು, ಈಗ ನಿವೃತ್ತರಾಗಿದ್ದವರು ಅವರು. ತೆಳ್ಳನೆಯ ಮೈ, ಜೇಬಿನಲ್ಲಿ ಸದಾ ಒಂದು ಅಳತೆಯ ಕ್ಯಾಲಿಪರ್. ನಾನು ಅವರನ್ನು ಅಂಕಲ್ ಎಂದು ಕರೆಯತೊಡಗಿದೆ. ಕ್ಲಬ್ಬಿನ ಬಿಳಿಯರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು, ಅದು ಅವರ ಹೆಸರೆಂದೇ ತಿಳಿದು.

ಹೊಸಬರು ಮೊದಲ ಕೆಲವು ತಿಂಗಳು ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯಬೇಕು. ಆ ತಿಂಗಳುಗಳಲ್ಲಿ ನನ್ನ ಕಿವಿಗೆ ಬಿದ್ದ ಸಲಹೆಗಳಿಗೆ ಲೆಕ್ಕವಿಲ್ಲ. ಎಲ್ಲರೂ ಹೇಳಿದ್ದು ಒಂದೇ: ತಗೊಂಡರೆ ಒಂಬತ್ತು ಮಿಲಿಮೀಟರ್ ದಪ್ಪದ ಗುಂಡಿನ ನೈನ್ ಎಂಎಂ ತಗೋ. ಟೂ-ಟೂ ಎಂದರೆ ಪಾಯಿಂಟ್ ಟೂ-ಟೂ ಇಂಚಿನ, ಪೆನ್ಸಿಲ್ಲಿಗಿಂತ ಸಪೂರದ ಗುಂಡು, ಅದು ಮಕ್ಕಳಾಟ. ಆರೂವರೆ ಅಡಿ ಎತ್ತರದ ಒಬ್ಬ ಟ್ರಕ್ ಚಾಲಕನಿದ್ದ. ಅವನ ಪಾಲಿಗಂತೂ ಟೂ-ಟೂ ಸೊಳ್ಳೆ ಓಡಿಸುವ ಸಾಧನ.

ಇದರ ಮೇಲೆ ಟೆಕ್ಸಸ್ಸಿನಲ್ಲಿರುವ ನನ್ನ ಗಂಡನ ಚಿಕ್ಕಪ್ಪನ ಮಗನಿಗೆ ಸುದ್ದಿ ಮುಟ್ಟಿತು. ಅವನು ಅಂಗೈಯೊಳಗೆ ಮುಚ್ಚಿಹೋಗುವಂಥ ಪುಟ್ಟ ಪಿಸ್ತೂಲುಗಳ ವಿಡಿಯೋಗಳನ್ನು ಒಂದರ ಹಿಂದೆ ಒಂದು ಕಳಿಸಿದ. “ಅತ್ತಿಗೆ, ಇದು ಹ್ಯಾಂಡ್‌ಬ್ಯಾಗಲ್ಲಿ ಕೂತ್ಕೊಂಡ್ಬಿಡುತ್ತೆ. ನಿಮ್ಮ ಕೈಗೆ ಪರ್ಫೆಕ್ಟು!”

ನನ್ನ ಕೈ ನಿಜಕ್ಕೂ ಚಿಕ್ಕದು. ಚಿಕ್ಕ ಕೈಗೆ ಚಿಕ್ಕ ಪಿಸ್ತೂಲು ಎಂಬುದು ನನಗೂ ಸರಿ ಎನ್ನಿಸಿತ್ತು. ಅಂಕಲ್‌ಗೆ ವಿಡಿಯೋ ತೋರಿಸಿದೆ.

“ಇದು ಇಲ್ಲಿ ಸಿಗಲ್ಲಮ್ಮ. ನಳಿಗೆ ನೂರಿಪ್ಪತ್ತು ಮಿಲಿಮೀಟರಿಗಿಂತ ಗಿಡ್ಡ ಇದ್ರೆ ನಮಗೆ ಕೊಡೋದೇ ಇಲ್ಲ. ಸಿಕ್ಕಿದ್ರೂ ನಾನು ಬೇಡ ಅಂತೀನಿ.”

“ಯಾಕೆ ಅಂಕಲ್? ಹಗುರ ಇರುತ್ತಲ್ಲಾ?”

“ಹಗುರ ಇರೋದೇ ತೊಂದರೆ. ಮೊಪೆಡ್ಡಿಗೆ ಬುಲೆಟ್ ಇಂಜಿನ್ ಕೂರಿಸಿದ್ರೆ ಏನಾಗುತ್ತೆ ಹೇಳು? ಗುಂಡು ದೊಡ್ಡದಾದಷ್ಟೂ, ಪಿಸ್ತೂಲು ಚಿಕ್ಕದಾದಷ್ಟೂ, ಹಾರಿಸಿದಾಗ ಹಿಂದಕ್ಕೆ ಬರೋ ಒದೆತ ಎಲ್ಲ ನಿನ್ನ ಮಣಿಕಟ್ಟಿಗೇ ಬೀಳೋದು.”

ಕೇಳಿಸಿಕೊಂಡೆ, ಆದರೆ ತಲೆಗೆ ಹತ್ತಿಸಿಕೊಳ್ಳಲಿಲ್ಲ. ಕ್ಲಬ್ಬಿನ ಒಳಪಂದ್ಯಕ್ಕೆ ನೈನ್ ಎಂಎಂ ಕೇಳಿ ಪಡೆದೆ, ನಿಯಮ ಒಪ್ಪುವವುಗಳಲ್ಲಿ ಎಲ್ಲಕ್ಕಿಂತ ಪುಟ್ಟದನ್ನೇ ಆರಿಸಿ. ನೋಡಲು ಮುದ್ದಾಗಿತ್ತು. ಹತ್ತು ಗುಂಡು ಹಾರಿಸಿದೆ. ಮೂರು ಕಾಗದಕ್ಕೇ ತಾಗಲಿಲ್ಲ. ನಾಲ್ಕು ಬಿಳಿಯ ಅಂಚಿನಲ್ಲಿದ್ದವು. ಹಿಂದಿನ ಮಣ್ಣುದಿಬ್ಬದಿಂದ ಎದ್ದ ಧೂಳನ್ನು ನೋಡಿ ಟ್ರಕ್ ಚಾಲಕ, ಆ ದಿಬ್ಬ ನಿನಗೇನು ಅನ್ಯಾಯ ಮಾಡಿತ್ತು ಎಂದು ಕೇಳಿದ. ಅವನ ಮಾತಿನಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. ಪಟ್ಟಿಯಲ್ಲಿ ಕಟ್ಟಕಡೆಗೆ ನನ್ನ ಹೆಸರಿತ್ತು.

ಮರುವಾರ ಅಂಕಲ್ ಅದೇ ಪಿಸ್ತೂಲನ್ನು ನನ್ನ ಕೈಗೆ ಕೊಟ್ಟರು. “ನಾನೇ ಗುಂಡು ತುಂಬ್ತೀನಿ. ನೀನು ಹೊಡಿ ಅಷ್ಟೆ.”

ಮೊದಲ ಗುಂಡು ಢಮ್ಮೆಂದಿತು. ಎರಡನೆಯದೂ. ಮೂರನೆಯ ಸಲ ಟ್ರಿಗರ್ ಎಳೆದೆ, ಟಿಕ್ ಎಂದಿತು, ಅಷ್ಟೆ. ಗುಂಡು ಹಾರಲಿಲ್ಲ. ಆದರೆ ಪಿಸ್ತೂಲಿನ ಮೂತಿ ನೆಲದ ಕಡೆ ಧಡಕ್ಕನೆ ಬಾಗಿತು. ಬಾಗಿಸಿದ್ದು ನಾನೇ. ಕಣ್ಣೂ ಮುಚ್ಚಿದ್ದೆ.

“ನೋಡಿದ್ಯಾ? ಮಧ್ಯೆ ಒಂದು ಮದ್ದಿಲ್ಲದ ಗುಂಡು ಇಟ್ಟಿದ್ದೆ. ಒದೆತ ಬರೋಕೆ ಮುಂಚೆನೇ ನಿನ್ನ ಕೈ ಹೆದರ್ಕೊಂಡ್ಬಿಡುತ್ತೆ.”

“ನಂಗೆ ಹೆದರಿಕೆ ಇಲ್ಲ ಅಂಕಲ್.”

“ನಿಂಗಿಲ್ಲ. ನಿನ್ನ ಕೈಗಿದೆ. ಅದಕ್ಕೆ ಬೈಬೇಡ, ಪಾಪ. ಹೆದರದೆ ಇರೋದನ್ನ ಅದಕ್ಕೆ ಮೊದಲು ಕಲಿಸು.”

ಆಮೇಲೆ ಕ್ಲಬ್ಬಿನ ಹಳೆಯ ಟೂ-ಟೂ ಕೊಟ್ಟರು. ಅದರಲ್ಲೂ ನಡುವೆ ಮದ್ದಿಲ್ಲದ್ದನ್ನು ಸೇರಿಸಿದ್ದರು. ಟಿಕ್ ಎಂದಾಗ ಮೂತಿ ಅಲುಗಲಿಲ್ಲ. ಇನ್ನೊಂದು ಸಲ ಹೊಡೆದೆ. ಅಲುಗಲಿಲ್ಲ. ಐದು ಗುಂಡು ಹೊಡೆದಾದ ಮೇಲೆ ಕಾಗದವನ್ನು ಎಳೆದು ತಂದು ನೋಡಿದರೆ ತೂತುಗಳೆಲ್ಲ ಒಂದು ನಿಂಬೆಹಣ್ಣಿನಷ್ಟು ಜಾಗದಲ್ಲಿದ್ದವು. ಪರ್ತಿನ ಆ ಭಾನುವಾರ ನನ್ನ ಭುಜಕ್ಕೆ ಆಗಿದ್ದ ಭಾವ ಮತ್ತೆ ಬಂತು. ಟೂ-ಟೂಗೇ ನಾನು ಹೂಂ ಎಂದೆ. ಅಂಕಲ್ ಕಾಗದದ ಮೇಲೆ ಕ್ಯಾಲಿಪರ್ ಇಟ್ಟು ಅಳೆದರು.

ಅಂಗಡಿಗೆ ಹೋದ ದಿನ ಗಂಡನೂ ಬಂದರು. ಅಷ್ಟು ಹೊತ್ತಿಗೆ ಅವರ ಪ್ರತಿಭಟನೆ, ಪಿಸ್ತೂಲಿಡಲು ಕಾನೂನು ಕೇಳುವ ಉಕ್ಕಿನ ತಿಜೋರಿಯ ಪ್ರಶ್ನೆಗೆ ಬಂದು ನಿಂತಿತ್ತು. ತಿಜೋರಿಯನ್ನು ಗ್ಯಾರೇಜಿನ ಕಾಂಕ್ರೀಟಿಗೆ ಅವರೇ ಬೋಲ್ಟ್ ಹಾಕಿ ಬಿಗಿದಿದ್ದರು. ಮಾರಾಟಗಾರ ಹಸಿರು ಹಾಸಿನ ಮೇಲೆ ಮೂರು ಪಿಸ್ತೂಲು ಇಟ್ಟ. ಒಂದು ಸಣ್ಣ ನೈನ್ ಎಂಎಂ. ಇನ್ನೊಂದು ಮರದ ಹಿಡಿಯ ಪಾಯಿಂಟ್ ಥರ್ಟಿಟೂ, ಅಂಕಲ್ ಬಳಿ ಇದ್ದಂಥದ್ದು: ಹದವಾದ ಒದೆತ, ನಿಧಾನದ ಗುಂಡು, ಆದರೆ ಮೂತಿಯ ಕಡೆ ಭಾರ ಹೆಚ್ಚು. ಅರ್ಧ ನಿಮಿಷ ಎತ್ತಿ ಹಿಡಿದರೆ ನನ್ನ ತೋಳು ನಡುಗಿತು. ಮೂರನೆಯದು ಟೂ-ಟೂ.

ಮಾರಾಟಗಾರ ನೈನ್ ಎಂಎಂ ಅನ್ನೇ ನನ್ನ ಕಡೆ ಸರಿಸಿದ. ಆರು ತಿಂಗಳಲ್ಲಿ ಟೂ-ಟೂ ನಿಮಗೆ ಬೇಜಾರಾಗುತ್ತದೆ, ಆಗ ಮತ್ತೆ ಬರಬೇಕಾಗುತ್ತದೆ ಎಂದ. ನಾನು ಟೂ-ಟೂ ಎತ್ತಿಕೊಂಡು, ಖಾಲಿ ಇದೆಯೇ ಎಂದು ಎರಡು ಬಾರಿ ನೋಡಿ, ಅವನು ತೋರಿಸಿದ ಗೋಡೆಯ ಕಡೆ ಹಿಡಿದೆ. ಮೂತಿ ನಿಂತಲ್ಲೇ ನಿಂತಿತು.

“ಇದೇ.”

“ಗ್ಯಾರಂಟಿನಾ?” ಎಂದರು ಗಂಡ. “ಎಲ್ಲರೂ ಆ ದೊಡ್ಡದೇ ಅಂತಿದ್ರಲ್ಲ?”

“ಎಲ್ಲರ ಕೈಲಿ ನಾನು ಹೊಡೀತೀನಾ?”

ಅವರು ನನ್ನ ಮಣಿಕಟ್ಟನ್ನೂ ಪಿಸ್ತೂಲನ್ನೂ ನೋಡಿದರು. “ನಿನ್ನ ಬಳೆ ಸೈಜೂ ಟೂ-ಟೂನೇ ಅಲ್ವಾ?” ಎಂದು ಜೋರಾಗಿ ನಕ್ಕರು. ಮಾರಾಟಗಾರನಿಗೆ ಏನೂ ಅರ್ಥವಾಗಲಿಲ್ಲ. ನಾವಿಬ್ಬರೂ ಅವನಿಗೆ ಬಿಡಿಸಿ ಹೇಳಲೂ ಹೋಗಲಿಲ್ಲ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು ಲೈಸೆನ್ಸಿನ ಅವಧಿ, ಎರಡನೆಯದು ಪಿಸ್ತೂಲಿನ ಸಂಖ್ಯೆ ಕಾಗದದಲ್ಲಿ ಸರಿಯಾಗಿ ನಮೂದಾಗಿದೆಯೇ ಎಂದು. ಎಲ್ಲ ಸರಿ ಎಂದೆ.

“ಆ ಕ್ಯಾಂಪಿಗೆ ಕಳಿಸಬೇಕಿತ್ತು ನಿನ್ನ” ಎಂದರು.

“ಪರೀಕ್ಷೆ ಇತ್ತಲ್ಲಪ್ಪ.”

“ಪರೀಕ್ಷೆ ಮತ್ತೆ ಬರ್ತಿತ್ತು.”

ಇಪ್ಪತ್ತು ವರ್ಷ ನಾನು ಕಾಯದೆಯೇ ಕಾಯುತ್ತಿದ್ದ ಮಾತು ಅದು. ಫೋನಿಟ್ಟ ಮೇಲೆ ಅತ್ತುಬಿಟ್ಟೆ, ಆಮೇಲೆ ತಿಜೋರಿಯ ಬೀಗವನ್ನು ಮತ್ತೊಮ್ಮೆ ಎಳೆದು ನೋಡಿದೆ.

ಮುಂದಿನ ಹದಿನಾಲ್ಕು ತಿಂಗಳು ಒಂದೇ ಪಾಠ. ಶನಿವಾರ ಬೆಳಿಗ್ಗೆ ಕ್ಲಬ್ಬಿನ ರೇಂಜಿನಲ್ಲಿ, ಅಂದರೆ ಗುರಿ ಹೊಡೆಯುವ ಅಂಗಳದಲ್ಲಿ, ಅರವತ್ತು ಗುಂಡು. ಉಳಿದ ದಿನ ಗ್ಯಾರೇಜಿನ ಬಾಗಿಲು ಹಾಕಿಕೊಂಡು, ಗುಂಡಿಲ್ಲದ ಪಿಸ್ತೂಲನ್ನು ಬರೀ ಗೋಡೆಗೆ ಹಿಡಿದು, ಮೂತಿ ಅಲುಗದಂತೆ ಟ್ರಿಗರ್ ಎಳೆಯುವುದು. ಅಂಕಲ್ ನನ್ನ ಟೂ-ಟೂನ ಮರದ ಹಿಡಿಯನ್ನು ಬಿಚ್ಚಿಸಿ, ಅರದಿಂದ ಒಂದೊಂದೇ ಕೂದಲೆಳೆಯಷ್ಟು ಉಜ್ಜಿ, ನನ್ನ ಬೆರಳುಗಳ ತಗ್ಗು ಉಬ್ಬಿಗೆ ತಕ್ಕಂತೆ ಕೂರಿಸಿಕೊಟ್ಟರು. ಆರು ತಿಂಗಳಾಯಿತು, ನನಗೆ ಬೇಜಾರಾಗಲಿಲ್ಲ. ಒಳಪಂದ್ಯದಲ್ಲಿ ಕಡೆಯಿಂದ ಮೇಲೆ ಮೇಲೆ ಬಂದೆ. ಟ್ರಕ್ ಚಾಲಕ ಸೊಳ್ಳೆಯ ಮಾತು ನಿಲ್ಲಿಸಿದ. ಒಂದು ದಿನ ನೋಡಿದರೆ ಅವನೂ ಒಂದು ಟೂ-ಟೂ ಕೊಂಡಿದ್ದ.

ಅಡಿಲೇಡಿನಲ್ಲಿ ಎಲ್ಲ ರಾಜ್ಯಗಳವರೂ ಬರುವ ಒಂದು ಪಂದ್ಯಕ್ಕೆ ನಮ್ಮ ಕ್ಲಬ್ಬಿನಿಂದ ಮೂವರು ಹೆಸರು ಕೊಟ್ಟೆವು: ನಾನು, ಅಂಕಲ್, ಟ್ರಕ್ ಚಾಲಕ. ಅಲ್ಲಿನ ಬ್ಲೇರ್ ಅಥಾಲ್‌ನಲ್ಲಿ ನನ್ನ ಕಾಲೇಜಿನ ಗೆಳತಿಯ ಮನೆಯಿದೆ. ಅಂಕಲ್‌ಗೂ ನನಗೂ ಅಲ್ಲೇ ವಾಸ್ತವ್ಯ. ಪಿಸ್ತೂಲುಗಳನ್ನು ರೇಂಜಿನ ಬೀಗದ ಕೋಣೆಗೆ ಒಪ್ಪಿಸಿ ಮನೆಗೆ ಬಂದಾಗ ಗೆಳತಿ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. “ಲೇ, ನೀನು ಗೆಲ್ಲದೆ ಬಂದ್ರೆ ನಾಳೆ ಊಟ ಇಲ್ಲ” ಎಂದಳು.

ಅಂಕಲ್‌ರದು ಥರ್ಟಿಟೂ ಪಂದ್ಯ, ಅದು ಮರುದಿನ ಮೊದಲೇ ಮುಗಿಯಿತು. ಟೂ-ಟೂನಲ್ಲಿ ನನ್ನ ದರ್ಜೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಗಂಡಸರು ಹೆಂಗಸರು ಒಟ್ಟಿಗೆ. ಉತ್ತರದ ಒಣ ಗಾಳಿ ಬೀಸುತ್ತಿತ್ತು, ತುಟಿ ಬಿರಿಯುವಷ್ಟು. ಮೊದಲರ್ಧ ನಿಧಾನದ ಮೂವತ್ತು ಗುಂಡು. ಅದು ಮುಗಿದಾಗ ನಾನು ಐದನೆಯವಳು, ಟ್ರಕ್ ಚಾಲಕ ಮೊದಲನೆಯವ.

ಎರಡನೆಯ ಅರ್ಧದಲ್ಲಿ ಗುರಿಹಲಗೆ ಮೂರೇ ಸೆಕೆಂಡು ನಮ್ಮ ಕಡೆ ತಿರುಗುತ್ತದೆ. ತಗ್ಗಿಸಿದ ತೋಳನ್ನು ಎತ್ತಿ, ಒಂದೇ ಗುಂಡು ಹಾರಿಸಿ, ಮತ್ತೆ ತಗ್ಗಿಸಬೇಕು. ಹಾಗೆ ಮೂವತ್ತು ಸಲ, ಐದೈದರ ಸುತ್ತಿಗೊಮ್ಮೆ ಕಾಗದ ಬದಲಿಸುತ್ತ. ಇಲ್ಲಿ ಹೆದರುವ ಕೈಗೆ ಜಾಗವಿಲ್ಲ. ಗಾಳಿ ಜೋರಾದಂತೆ ಪಕ್ಕದವರು ಅವಸರ ಮಾಡುವುದು ಕೇಳಿಸುತ್ತಿತ್ತು. ಕೆಲವರ ಗುಂಡು ಹಲಗೆ ತಿರುಗಿದ ಮರುಕ್ಷಣವೇ ಸಿಡಿಯುತ್ತಿತ್ತು. ನಾನು ಮೂರು ಸೆಕೆಂಡನ್ನೂ ಪೂರ್ತಿ ಬಳಸಿಕೊಂಡೆ. ಹಲಗೆ ತಿರುಗಿತು, ತೋಳು ಎದ್ದಿತು, ಮೂತಿ ನಿಂತಿತು, ಬೆರಳು ಎಳೆಯಿತು. ಎಷ್ಟನೆಯ ಗುಂಡು ಎಂಬ ಲೆಕ್ಕ ನನಗೆ ತಪ್ಪಿಹೋಯಿತು. ಅಧಿಕಾರಿ ಖಾಲಿ ಮಾಡಿ ಎಂದು ಕೂಗಿದಾಗಲೇ ಮುಗಿಯಿತೆಂದು ತಿಳಿದದ್ದು.

ಕಾಗದದ ಹತ್ತಿರ ನಡೆದುಹೋದೆವು. ನನ್ನ ಕಡೆಯ ಐದು ಗುಂಡುಗಳಲ್ಲಿ ನಾಲ್ಕು ಹತ್ತರ ವೃತ್ತದಲ್ಲಿದ್ದವು, ಒಂದು ಒಂಬತ್ತರ ಗೆರೆಯ ಒಳಗೆ. ಐವತ್ತಕ್ಕೆ ನಲವತ್ತೊಂಬತ್ತು. ಅಂಕಲ್ ದೂರದಿಂದ ದುರ್ಬೀನಿನಲ್ಲಿ ಮೊದಲೇ ನೋಡಿಬಿಟ್ಟಿದ್ದರು. ಅಲ್ಲಿಂದಲೇ ಎರಡೂ ಕೈ ಎತ್ತಿ ನಿಂತಿದ್ದರು.

ನಾಲ್ಕು ಅಂಕದಿಂದ ನಾನು ಮೊದಲನೆಯವಳು. ಘೋಷಿಸಿದವರು ನನ್ನ ಹೆಸರನ್ನು ಮೂರು ತುಂಡು ಮಾಡಿ ಓದಿದರು. ಎರಡನೆಯ ಸ್ಥಾನದ ಟ್ರಕ್ ಚಾಲಕ ಎಲ್ಲರಿಗಿಂತ ಮೊದಲು ಎದ್ದು, ಶಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದ. ನನಗೆ ಕುಣಿಯಬೇಕೆನ್ನಿಸಿತು. ವಯಸ್ಸು, ನೌಕರಿ, ಮೈತುಂಬ ಧೂಳು ಯಾವುದನ್ನೂ ಲೆಕ್ಕಿಸದೆ ಎರಡು ಹೆಜ್ಜೆ ಕುಣಿದೇಬಿಟ್ಟೆ. ನೋಡಲು ಬಂದಿದ್ದ ಗೆಳತಿ ಅದನ್ನು ವಿಡಿಯೋ ಮಾಡಿ ಮನೆಗೆ ಕಳಿಸಿದಳು. ರನ್‌ಕಾರ್ನ್‌ನಿಂದ ಮಗಳ ಉತ್ತರ ತಕ್ಷಣ ಬಂತು: “ಓ ಮೈ ಗಾಡ್ ಅಮ್ಮಾ, ಯು ಬೀಟ್ ದಿ ಟ್ರಕ್ ಗೈ!”

ಮನೆಗೆ ಬಂದು ಮೂರು ರೊಟ್ಟಿ ತಿಂದೆ, ಕಾಯಿಚಟ್ನಿಯನ್ನು ಬಟ್ಟಲಿನಿಂದ ಬೆರಳಲ್ಲೇ ಬಳಿದೆ. ಗೆಳತಿಯ ಸೋಫಾದ ಮೇಲೆ ಐದು ನಿಮಿಷ ಒರಗೋಣವೆಂದು ಒರಗಿದವಳು, ಪದಕ ಕೊರಳಲ್ಲಿರುವಂತೆಯೇ ಮೂರು ತಾಸು ಸತ್ತಂತೆ ನಿದ್ದೆ ಮಾಡಿದೆ. ಎದ್ದಾಗ ಕೆನ್ನೆಯ ಮೇಲೆ ಅದರ ದುಂಡನೆಯ ಅಚ್ಚು ಮೂಡಿತ್ತು. ಅಂಕಲ್ ಕ್ಯಾಲಿಪರನ್ನು ಅದಕ್ಕೆ ಹಿಡಿದು ಅಳೆದು, ತಪ್ಪಿಲ್ಲ, ಅಸಲಿ ಮಾಲು ಎಂದು ತೀರ್ಪು ಕೊಟ್ಟರು. ಆ ಅಚ್ಚು ಮಾಸುವವರೆಗೂ ನಾನು ಮುಖ ತೊಳೆಯಲಿಲ್ಲ.