ಸಹಿ ಹಾಕಿಟ್ಟಿದ್ದ ಬಿಲ್ ಪುಸ್ತಕ

ಚನ್ನಪಟ್ಟಣದ ಆ ಹೆಣ್ಣುಮಗಳಿಗೆ ಅಂದು ನಾನು ಕೊನೆಗೆ ಏನು ಮಾಡಿಕೊಟ್ಟೆ ಎಂಬ ವಿಷಯದಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಬಿಲ್ ಪುಸ್ತಕ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ವ್ಯಾಟ್ ತೆರಿಗೆ ಬಂದ ಹೊಸತು. ರಾಮನಗರದ ನನ್ನ ತೆರಿಗೆ ಸಲಹೆಯ ಕಚೇರಿಗೆ ಬಂದು ಆಕೆ ಅದನ್ನು ಬಿಚ್ಚಿದರು. ಪುಟಗಳೆಲ್ಲ ಖಾಲಿ, ಪ್ರತಿ ಪುಟದ ಕೆಳಗೂ ಗಂಡನ ಸಹಿ. ಬಿಡದಿಯ ಕಾರ್ಖಾನೆಗಳಿಗೆ ಮರದ ಪೆಟ್ಟಿಗೆ ಮಾಡಿಕೊಡುತ್ತಿದ್ದ, ನನ್ನಲ್ಲೇ ತೆರಿಗೆ ಲೆಕ್ಕ ಬರೆಸುತ್ತಿದ್ದ ಅವರು, ಆಯುಧಪೂಜೆಯ ದಿನ ಹೊಸ ಪುಸ್ತಕಕ್ಕೆ ಕುಂಕುಮವಿಟ್ಟು ಒಮ್ಮೆಗೇ ಸಹಿ ಹಾಕಿಬಿಡುತ್ತಿದ್ದರಂತೆ. ಅವರು ತೀರಿಕೊಂಡು ಹದಿನೈದು ದಿನವಾಗಿತ್ತು.

“ಇವು ಮುಗಿಯೋಗಂಟ ಕೆಲ್ಸ ನಡೀಲಿ ಬುಡಿ ಸಾರ್.”

“ಸತ್ತವರ ಸಹಿ ನಡೆಯಲ್ಲಮ್ಮ,” ಎಂದೆ.

“ನೀವೂ ಅವ್ರತ್ರ ಖಾಲಿ ಫಾರಮ್ಮಿಗೆ ಸೈನ್ ಹಾಕಿಸ್ಕೊಂಡು ಮಡಿಕತಿದ್ರಲ್ಲ, ಅದು ನಡೀತಿತ್ತಾ?”

ನಾನು ಪುಸ್ತಕ ಮುಚ್ಚಿ ಆಕೆಯತ್ತ ಸರಿಸಿದೆ. ಆಕೆ ದನಿ ಇಳಿಸಿದರು. “ಹಂಗಾರೆ ವ್ಯಾಟ್ ನಂಬರ್ರು ನನ್ನೆಸ್ರಿಗೆ ಮಾಡ್ಕೊಡಿ. ಮಿಷಿನ್ ಕೆಲ್ಸ ನಂಗೂ ಗೊತ್ತೈತೆ. ನಿಲ್ಸಕ್ಕಾಗಕಿಲ್ಲ ಸಾರ್.”

ಆಕೆಯ ಹೆಸರಿಗೆ ಹೊಸ ತೆರಿಗೆ ನೋಂದಣಿಯ ಅರ್ಜಿ ತುಂಬಿಕೊಟ್ಟೆ ಎಂದೇ ಇಷ್ಟು ವರ್ಷ ನಂಬಿದ್ದೆ. ಆಕೆಯ ಪೆಟ್ಟಿಗೆ ವರ್ಕ್‌ಶಾಪ್ ಮುಚ್ಚಿತೆಂದು ಕೇಳಿದಾಗ, ಕಾರ್ಖಾನೆಯವರು ಕೈಬಿಟ್ಟಿರಬೇಕು ಎಂದುಕೊಂಡೆ. ಮೊನ್ನೆ ಹಳೆಯ ಕಡತ ತೆಗೆದು ನೋಡಿದೆ. ಅದರಲ್ಲಿದ್ದದ್ದು ಒಂದೇ ಅರ್ಜಿ. ಗಂಡನ ಹೆಸರಿನ ನೋಂದಣಿ ರದ್ದು ಮಾಡಬೇಕೆಂದು ಕೋರಿ, ಆಕೆ ಬಂದುಹೋದ ಮರುದಿನ, ನನ್ನದೇ ಕೈಬರಹದಲ್ಲಿ ಬರೆದದ್ದು.