ಮುದುಕಿಗೆ ಕಟ್ಟಿದ ಮರಿ

ಒಂಬತ್ತು ತಿಂಗಳ ನಾಯಿಮರಿ ನನ್ನ ತೋಳನ್ನೇ ಕಿತ್ತು ಕೈಗೆ ಕೊಡುವ ಹಾಗೆ ಎಳೆಯುತ್ತಿತ್ತು. ಯರಗಟ್ಟಿಯಲ್ಲಿ ನಮ್ಮ ಮನೆಯ ಬಾಗಿಲು ತೆರೆದರೆ ಬೆಳಗಾವಿ ರಸ್ತೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಹಚ್ಚಿಕೊಂಡ ಟ್ರ್ಯಾಕ್ಟರುಗಳು ಬೆಳಗಾದರೆ ಸಾಕು, ಹಾಡು ಹಾಕಿಕೊಂಡು ಹೊರಡುತ್ತವೆ. ಆ ಹಾಡು ಕಿವಿಗೆ ಬಿದ್ದರೆ ಮರಿಗೆ ಹುಚ್ಚು ಹಿಡಿಯುತ್ತಿತ್ತು. ನೇರ ಗಾಲಿಯ ಕಡೆಗೇ ಹಾರುತ್ತಿತ್ತು.

ಹತ್ತಾರು ಹೋರಿ ಪಳಗಿಸಿದ ಕೈ ನನ್ನದು. ನಾಯಿಮರಿ ಯಾವ ಲೆಕ್ಕ? ನಮ್ಮ ಕಡೆ ಸೊಕ್ಕಿದ ಹೋರಿಯನ್ನು ಮುದಿ ಎತ್ತಿನ ಜೋಡಿ ನೊಗಕ್ಕೆ ಹೂಡುತ್ತಾರೆ. ಮುದಿಯದು ನಡೆದಂತೆ ಅದೂ ನಡೆಯಲು ಕಲಿಯುತ್ತದೆ. ಮನೆಯಲ್ಲಿ ಹನ್ನೆರಡು ವರ್ಷದ ಹೆಣ್ಣು ನಾಯಿ ಇತ್ತು, ನಾವು ಮುದುಕಿ ಅಂತಲೇ ಕರೆಯುತ್ತಿದ್ದೆವು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಹೆಂಡತಿ ಅದಕ್ಕೆ ದಿನಾ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ತಿನ್ನಿಸುತ್ತಿದ್ದಳು. ಎರಡರ ಕೊರಳಪಟ್ಟಿಗೂ ಸೇರಿಸಿ ಮೊಳದುದ್ದದ ಹಗ್ಗ ಬಿಗಿದೆ, ಮರಿಯ ಪಟ್ಟಿಗೆ ಇನ್ನೊಂದು ಉದ್ದ ಹಗ್ಗ ಹಾಕಿ ಕೈಯಲ್ಲಿ ಹಿಡಿದೆ.

ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಮುದಕಿಗಿ ಏನರ ಆತಂದ್ರ ನೋಡ್ರಿ, ನಾ ಸುಮ್ನ ಇರಂಗಿಲ್ಲ. ಅದು ಎತ್ತಲ್ಲ, ನಾಯಿ ಐತಿ."

"ನಿನಗೇನ ತಿಳಿತೇತಿ, ಸರಿ ಆಚೆ" ಅಂದೆ. ನನ್ನ ಬಾಯಿ ಯಾವಾಗಲೂ ಹಾಗೆಯೇ.

ಎರಡು ದಿನ ಮರಿ ನಿಜಕ್ಕೂ ಮೆತ್ತಗಾಯಿತು. ನಾನು ಮೀಸೆ ತಿರುವಿದೆ. ಮೂರನೆಯ ದಿನ ಮುದುಕಿ ಮನೆಗೆ ಬಂದವಳೇ ನೀರಿನ ಬಟ್ಟಲ ಮುಂದೆ ನಿಂತು ನಡುಗತೊಡಗಿದಳು, ಕುಡಿಯಲಿಲ್ಲ. ಪಟ್ಟಿ ಎತ್ತಿ ನೋಡಿದರೆ ಕೊರಳಿನ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ಹೆಂಡತಿ ನೋಡುವ ಮೊದಲೇ ಅರಿಶಿನ ಮೆತ್ತಿ ಪಟ್ಟಿಯನ್ನು ಕೆಳಗೆ ಎಳೆದುಬಿಟ್ಟೆ. ಮರುದಿನ ನಾನು ಹಗ್ಗ ತೆಗೆದುಕೊಂಡಾಗ ಮುದುಕಿ ಮಂಚದ ಕೆಳಗೆ ಸರಿದಳು. ಕಾಲು ಹಿಡಿದು ಹೊರಗೆ ಎಳೆದೆ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ರಸ್ತೆ ಬದಿಯ ಚಹಾದಂಗಡಿಯವಳು ಕೂಗಿ ಹೇಳಿದಳು: "ಕಾಕಾ, ಇವತ್ತ ಬ್ಯಾಡ್ರಿ. ಗಾಡಿ ಭಾಳ ಅದಾವು. ಮುದಕಿ ಕಾಲ ಎಳಿಲಿಕ್ಕ ಹತ್ತೇತಿ ನೋಡ್ರಿ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೆರಡು ದಿನದಲ್ಲಿ ಮರಿ ಪಳಗುತ್ತದೆ, ಆಮೇಲೆ ಮುದುಕಿಗೆ ವಿಶ್ರಾಂತಿ ಅಂತ ನನಗೆ ನಾನೇ ಹೇಳಿಕೊಂಡೆ.

ಹಿಂದಿನಿಂದ ಹಾಡು ಕೇಳಿಸಿತು. ಟ್ರ್ಯಾಕ್ಟರ್ ನಮ್ಮನ್ನು ದಾಟಿತು, ಮೊದಲನೆಯ ಟ್ರೇಲರೂ ದಾಟಿತು. ಆಗ ಮರಿ ಹಾರಿತು. ಹೋರಿ ಬೆದರಿ ಓಡಿದರೆ ಹಗ್ಗ ಬಿಟ್ಟುಬಿಡಬೇಕು, ಹಿಡಿದವನು ಸಾಯುತ್ತಾನೆ ಅಂತ ನನಗೆ ಅಪ್ಪ ಕಲಿಸಿದ್ದ. ಬುದ್ಧಿ ಯೋಚಿಸುವ ಮೊದಲೇ ಕೈ ಹಗ್ಗ ಬಿಟ್ಟಿತ್ತು. ಹತ್ತು ಹನ್ನೆರಡು ಕಿಲೋ ತೂಕದ ಮರಿ! ಗಟ್ಟಿಯಾಗಿ ಹಿಡಿದಿದ್ದರೆ ಅಲ್ಲೇ ನಿಲ್ಲುತ್ತಿತ್ತು.

ಮುದುಕಿ ಅದರ ಹಿಂದೆ ದರದರ ಎಳೆಸಿಕೊಂಡು ಹೋದಳು. ಮರಿ ಎರಡನೆಯ ಟ್ರೇಲರಿನ ಗಾಲಿಯ ಮುಂದಿನಿಂದ ಆಚೆ ಪಾರಾಯಿತು. ಮುದುಕಿ ಪಾರಾಗಲಿಲ್ಲ.

ಡ್ರೈವರ್ ಇಳಿದು ಓಡಿ ಬಂದ. "ಯಪ್ಪಾ, ಎರಡನ್ನೂ ಕೂಡಿಸಿ ಯಾಕ ಕಟ್ಟೀರಿ?" ಅಂದ. ಗಂಟು ಬಿಚ್ಚಲು ಹೋದೆ, ಎಳೆತಕ್ಕೆ ಅದು ಬಿಗಿದುಹೋಗಿತ್ತು. ಅವನೇ ಕಬ್ಬು ಕಡಿಯುವ ಕುಡಗೋಲಿನಿಂದ ಹಗ್ಗ ಕೊಯ್ದ. ಕೊಯ್ದ ಮೇಲೂ ಮರಿ ಓಡಲಿಲ್ಲ, ಮುದುಕಿಯನ್ನು ಮೂಸುತ್ತ ಅಲ್ಲೇ ಕುಳಿತಿತು.

ಈಗ ಮರಿ ದೊಡ್ಡದಾಗಿದೆ. ಎಷ್ಟು ಟ್ರ್ಯಾಕ್ಟರ್ ಹೋದರೂ ನನ್ನ ಕಾಲಿಗೆ ಅಂಟಿಕೊಂಡು, ತಲೆ ತಗ್ಗಿಸಿ ನಡೆಯುತ್ತದೆ. ಹಗ್ಗ ಸಡಿಲವಾಗಿ ಜೋತಾಡುತ್ತದೆ. ಮೊನ್ನೆ ಓಣಿಯ ಹುಡುಗನೊಬ್ಬ ಹೊಸ ಮರಿಯೊಂದನ್ನು ಎತ್ತಿಕೊಂಡು ಬಂದ.

"ಏನ ಶಾಣ್ಯಾ ಮಾಡೀರಿ ಕಾಕಾ ನಿಮ್ಮ ನಾಯಿನ! ನಮ್ಮದಕ್ಕೂ ಒಂದೀಟ ಕಲಸ್ರಿ."

"ನನ್ನ ಕೈಯಾಗ ಕೊಡಬ್ಯಾಡಲೇ ಅದನ್ನ!" ಅಂತ ಎಷ್ಟು ಜೋರಾಗಿ ಚೀರಿದೆನೆಂದರೆ ಅವನ ಮರಿ ಹೆದರಿ ಅವನ ಕಂಕುಳಲ್ಲಿ ಹುದುಗಿತು. ನನ್ನದು ಅಲುಗಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.